ಎಪ್ಪತ್ತೆರಡು ಗಂಟೆಗಳ ಗಡುವು

ಎಚ್‌ಐವಿ ತಗುಲದಂತೆ ತಡೆಯುವ ಮಾತ್ರೆಗಳ ಬಗ್ಗೆ ತಾವು ಕೇಳಿರಬಹುದು. ಅವುಗಳ ಚರಿತ್ರೆ ಒಂದು ಸೋಲಿನಿಂದ ಆರಂಭವಾಗುತ್ತದೆ. 1964ರಲ್ಲಿ ಅಮೆರಿಕದ ಜೆರೋಮ್ ಹಾರ್ವಿಟ್ಜ್ ಕ್ಯಾನ್ಸರಿಗೆಂದು ತಯಾರಿಸಿದ ಜಿಡೊವುಡಿನ್ ಫಲ ಕೊಡದೆ ಮೂಲೆ ಸೇರಿತ್ತು. 1987ರಲ್ಲಿ ಅದೇ ಏಡ್ಸ್‌ಗೆ ಅನುಮತಿ ಪಡೆದ ಮೊದಲ ಔಷಧವಾಯಿತು.

ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿಕೊಂಡ ದಾದಿಯರು, ವೈದ್ಯರು ಆಗ ಇದನ್ನೇ ನುಂಗತೊಡಗಿದರು. ಹಾಗೆ ನುಂಗಿದವರಲ್ಲಿ ಸೋಂಕಿನ ಸಾಧ್ಯತೆ ಶೇ. 81ರಷ್ಟು ಕಡಿಮೆಯೆಂದು 1997ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ವೈರಾಣು ದೇಹದಲ್ಲಿ ಬೇರೂರಲು ಸ್ವಲ್ಪ ಕಾಲ ಬೇಕು. ಅಷ್ಟರೊಳಗೇ ಅದನ್ನು ತಡೆಯಬೇಕು. ಆದುದರಿಂದಲೇ 72 ಗಂಟೆಗಳ ಗಡುವು. ಬೇಗ ಆರಂಭಿಸಿದಷ್ಟೂ ಒಳ್ಳೆಯದು, ಮುಂದೆ 28 ದಿನ ಬಿಡುವಂತಿಲ್ಲ. ಇಂದು ಬೇರೆ ಉತ್ತಮ ಔಷಧಗಳಿವೆ, ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಸಿಗುತ್ತವೆ. ನಾಚಿಕೆಯಿಂದ ಮೂರು ದಿನ ಸುಮ್ಮನಿದ್ದವರಿಗೆ ಮಾತ್ರ ಅವು ಒದಗುವುದಿಲ್ಲ.

ಅಪಾಯಕ್ಕೆ ಮುನ್ನವೇ ಸೇವಿಸುವ ಮಾತ್ರೆಗೆ ಅಮೆರಿಕ 2012ರಲ್ಲಿ ಅನುಮತಿ ಕೊಟ್ಟಿತು. ಆದರೆ ಆರೋಗ್ಯವಂತರು ದಿನವೂ ಮಾತ್ರೆ ನುಂಗುವುದು ಸುಲಭವೇ? ಆಫ್ರಿಕದ ಕೆಲವು ಪ್ರಯೋಗಗಳಲ್ಲಿ ಹೆಚ್ಚಿನ ಮಹಿಳೆಯರು ನುಂಗಲೇ ಇಲ್ಲ, ಪ್ರಯೋಜನವೂ ಕಾಣಲಿಲ್ಲ. ಅದಕ್ಕೇ ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಚುಚ್ಚುಮದ್ದು ಬಂತು. 2024ರಲ್ಲಿ ಪ್ರಕಟವಾದ ಫಲಿತಾಂಶದಂತೆ, ದಕ್ಷಿಣ ಆಫ್ರಿಕ ಮತ್ತು ಉಗಾಂಡಾದಲ್ಲಿ ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ.