ಪೆಟ್ಟಿಗೆ ಹೋಯಿತು, ಚೌಕ ಉಳಿಯಿತು

ಆಫೀಸಿನಲ್ಲಿ ನೀವು ದಿನಾ ತೆರೆಯುವ ಆ ಕಪ್ಪು ಟರ್ಮಿನಲ್ ಕಿಟಕಿ ಇದೆಯಲ್ಲ, ಅದು ಒಂದು ಕಾಲದಲ್ಲಿ ಮೇಜಿನ ಮೇಲೆ ಕೂತಿದ್ದ ನಿಜವಾದ ಪೆಟ್ಟಿಗೆ. ಒಂದು ಪರದೆ, ಒಂದು ಕೀಬೋರ್ಡ್, ಹಿಂದೆ ಒಂದು ಸೀರಿಯಲ್ ಕೇಬಲ್. ಲೆಕ್ಕ ಮಾಡುವ ಕಂಪ್ಯೂಟರ್ ಬೇರೆಲ್ಲೋ ಇರುತ್ತಿತ್ತು. ಒತ್ತಿದ ಅಕ್ಷರ ಕಳಿಸೋದು, ಬಂದ ಅಕ್ಷರ ತೋರಿಸೋದು, ಇದರ ಕೆಲಸ ಅಷ್ಟೇ.

ಅಮೆರಿಕದ ಡೆಕ್ ಕಂಪನಿ 1978ರಲ್ಲಿ ತಂದ ವಿಟಿ100 ಇವುಗಳಲ್ಲಿ ಹೆಸರುವಾಸಿ. ಒಳಗೆ ಇಂಟೆಲ್ 8080 ಚಿಪ್, ಪರದೆ ಮೇಲೆ 24 ಸಾಲು, ಸಾಲಿಗೆ 80 ಅಕ್ಷರ. ಕರ್ಸರ್ ಸರಿಸಲು, ಪರದೆ ಅಳಿಸಲು ಅದು ಬಳಸಿದ ಎಸ್ಕೇಪ್ ಸಂಕೇತಗಳನ್ನೇ ಉಳಿದವರೂ ನಕಲು ಮಾಡಿದರು. 1984ರಲ್ಲಿ ಎಕ್ಸ್‌ಟರ್ಮ್ ಬಂದಾಗ ಪೆಟ್ಟಿಗೆಯ ಕೆಲಸ ಸಾಫ್ಟ್‌ವೇರಿಗೆ ಬಂತು. ಇಂಥದ್ದಕ್ಕೇ ಎಮ್ಯುಲೇಟರ್ ಅಂತ ಹೆಸರು.

ಹಳೆ ಕಂಪ್ಯೂಟರ್ ಕೂಡಿಡುವ ಹವ್ಯಾಸಿಗಳಲ್ಲಿ ಇದರ ಬಗ್ಗೆ ಮುಗಿಯದ ಚರ್ಚೆ. ಎಮ್ಯುಲೇಟರ್ ಇರುವಾಗ ಭಾರದ ಪೆಟ್ಟಿಗೆ ಯಾಕೆ ಅಂತ ಒಬ್ಬರು. ಅದು ಬರೀ ಮುಖವಾಡ ಅಂತ ಇನ್ನೊಬ್ಬರು. ಎರಡನೆಯವರ ಮಾತಲ್ಲೂ ಹುರುಳಿದೆ. ವಿಟಿ100ರ ಸರ್ಕ್ಯೂಟ್ ಪ್ರತಿ ಚುಕ್ಕಿಯನ್ನೂ ಸ್ವಲ್ಪ ಅಡ್ಡಕ್ಕೆ ಎಳೆಯುತ್ತಿತ್ತು. ಹಾಗಾಗಿ ಅದರ ರಾಮ್‌ನಲ್ಲಿರುವ ಅಕ್ಷರಗಳನ್ನು ಚುಕ್ಕಿಗೆ ಚುಕ್ಕಿ ನಕಲು ಮಾಡಿದರೂ ಇಂದಿನ ಪರದೆಯಲ್ಲಿ ಅವು ಸೊರಗಿ ಕಾಣ್ತವೆ.

ಆದರೆ ಪೆಟ್ಟಿಗೆಯ ಕೆಲವು ಗುಣಗಳು ನಮಗೆ ಗೊತ್ತಿಲ್ಲದೆಯೇ ಉಳಿದಿವೆ. ವಿಐ ಎಡಿಟರಿನಲ್ಲಿ ಎಚ್, ಜೆ, ಕೆ, ಎಲ್ ಒತ್ತಿ ಓಡಾಡ್ತೀವಲ್ಲ, ಯಾಕೆ? ಅದನ್ನು ಬರೆದ ಬಿಲ್ ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತು ಇದ್ದದ್ದು ಆ ನಾಲ್ಕು ಕೀಲಿಗಳ ಮೇಲೆ. 80 ಅಕ್ಷರದ ಸಾಲು ಇನ್ನೂ ಹಳೆಯದು, 1928ರ ಐಬಿಎಂ ರಂಧ್ರ ಕಾರ್ಡಿನ 80 ಕಾಲಂ ಅಳತೆ. ನಮ್ಮ ಕೆದಂಬಾಡಿ ಕಡೆ ಹಿರಿಯರು ಗದ್ದೆಯನ್ನು ಮುಡಿ ಲೆಕ್ಕದಲ್ಲಿ ಹೇಳುವ ಹಾಗೆ. ಮನೆಯಲ್ಲಿ ಮುಡಿ ಕಟ್ಟುವವರು ಕಡಿಮೆಯಾದರೂ ಅಳತೆ ಬಾಯಲ್ಲಿ ಉಳಿದಿದೆ.

ಇದು ಬರೀ ತಮಾಷೆಯ ಇತಿಹಾಸ ಆಗಿದ್ದರೆ ಇಲ್ಲಿಗೇ ನಿಲ್ಲಿಸಬಹುದಿತ್ತು. ಆ ಪೆಟ್ಟಿಗೆಯ ಪರದೆ ಚೌಕಗಳ ಹಾಳೆ. ಒಂದು ಅಕ್ಷರಕ್ಕೆ ಒಂದು ಚೌಕ. ಇಂಗ್ಲಿಷಿಗೆ ಸರಿ, ಕನ್ನಡಕ್ಕೆ? 'ಪುತ್ತೂರು' ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡಿನಲ್ಲಿ ಎಂಟು ಸಂಕೇತ. ಯಾವುದಕ್ಕೆ ಎಷ್ಟು ಚೌಕ ಅಂತ ಪ್ರೋಗ್ರಾಂ ಒಂದು ಲೆಕ್ಕ ಹಾಕುತ್ತದೆ, ಫಾಂಟ್ ಇನ್ನೊಂದು. ಇವತ್ತಿಗೂ ಹಲವು ಎಮ್ಯುಲೇಟರುಗಳಲ್ಲಿ ಒತ್ತಕ್ಷರ ಕೆಳಗೆ ಕೂರದೆ 'ಪುತ್‌ತೂರು' ಆಗುತ್ತದೆ, ಇಲ್ಲವೇ ಅಕ್ಷರದ ಮೇಲೆ ಅಕ್ಷರ ಬೀಳುತ್ತದೆ. ನೀವೇ ಟೈಪ್ ಮಾಡಿ ನೋಡಿ.

ಈ ತಲೆನೋವು ನಮ್ಮ ದೇಶದ ಎಂಜಿನಿಯರುಗಳಿಗೆ ಹೊಸದಲ್ಲ. ಐಐಟಿ ಕಾನ್ಪುರದಲ್ಲಿ 1980ರ ದಶಕದಲ್ಲಿ ರೂಪುಗೊಂಡು, ಆಮೇಲೆ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಹುಟ್ಟಿದ್ದೇ ಇದಕ್ಕಾಗಿ. ಹೆಸರಿನಲ್ಲೇ ಟರ್ಮಿನಲ್ ಇತ್ತು: ಗ್ರಾಫಿಕ್ಸ್ ಆ್ಯಂಡ್ ಇಂಡಿಯನ್ ಸ್ಕ್ರಿಪ್ಟ್ ಟರ್ಮಿನಲ್. ಉಚ್ಚಾರದ ಕ್ರಮದಲ್ಲಿ ಬಂದ ಸಂಕೇತಗಳನ್ನು ಹಾರ್ಡ್‌ವೇರೇ ಸೇರಿಸಿ ಲಿಪಿಯ ರೂಪ ಕೊಡುತ್ತಿತ್ತು. ಇದನ್ನೇ ಪಿಸಿಯೊಳಗೆ ಕೂರಿಸುವ ಜಿಸ್ಟ್ ಕಾರ್ಡ್ ಕೂಡ ಬಂತು. ಇಂಗ್ಲಿಷಿಗಾಗಿ ಬರೆದ ಡಾಸ್ ಪ್ರೋಗ್ರಾಂಗಳಲ್ಲೂ ಅದರಿಂದ ಭಾರತೀಯ ಲಿಪಿ ಮೂಡಿತು. ಸಂಕೇತಗಳ ಇಸ್ಕಿ ಪಟ್ಟಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಕನ್ನಡವೂ ಅದರಲ್ಲಿತ್ತು.

ಅಂದರೆ ಪೆಟ್ಟಿಗೆ ಸಾಫ್ಟ್‌ವೇರ್ ಆದಾಗ ಜಗತ್ತು ನಕಲು ಮಾಡಿದ್ದು ಡೆಕ್‌ನ ಪೆಟ್ಟಿಗೆಯನ್ನು, ನಮ್ಮದನ್ನಲ್ಲ. ಇಂಗ್ಲಿಷಿನ ಚೌಕ ಮುಂದೆ ಬಂತು, ಅದರೊಳಗೆ ನಮ್ಮ ಲಿಪಿಗೆ ಜಾಗ ಮಾಡಿದ ಜಾಣ್ಮೆ ಹಿಂದೆ ಉಳಿಯಿತು. ವಿಟಿ100 ಕೆಟ್ಟರೆ ರಿಪೇರಿ ಮಾಡೋಕೆ ಅದರ ಕೈಪಿಡಿ ಇಟ್ಟುಕೊಂಡ ಹವ್ಯಾಸಿಗಳಿದ್ದಾರೆ. ಜಿಸ್ಟ್ ಕಾರ್ಡಿಗೂ ಅಂಥವರು ಬೇಕು. ಹಳೆ ಸರಕಾರಿ ಕಚೇರಿಯ ಮೂಲೆಯಲ್ಲೋ ಗುಜರಿ ಅಂಗಡಿಯಲ್ಲೋ ಅಂಥದ್ದೊಂದು ಸಿಕ್ಕರೆ ತೂಕಕ್ಕೆ ಹಾಕಬೇಡಿ ಮಾರಾಯ್ರೆ. ನಾಳೆ ಯಾರಾದರೂ ಕನ್ನಡ ಸರಿಯಾಗಿ ತೋರಿಸುವ ಟರ್ಮಿನಲ್ ಬರೆಯಲು ಕೂತರೆ, ಆ ಕಾರ್ಡೇ ಅವರಿಗೆ ಮೊದಲ ಪಾಠ.