ಕಟ್ಟಿದ್ದು, ಕಟ್ಟಿಟ್ಟದ್ದು

ಗೋಕಾಕದ ನಮ್ಮ ಹಳೆಯ ಮನೆಯನ್ನು ಕಳೆದ ಬೇಸಿಗೆಯಲ್ಲಿ ಮಾರಿದೆವು. ಗೋಡೆ, ತೊಲೆ, ಹಿತ್ತಿಲು ಎಲ್ಲದರ ಪಾಲೂ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು; ಕಾಕಾನ ಮಕ್ಕಳಾಗಲಿ ನಾವಾಗಲಿ ಒಂದು ಮಾತನ್ನೂ ಹೆಚ್ಚು ಆಡಲಿಲ್ಲ. ತೀರ್ಮಾನವಾಗದೆ ಉಳಿದದ್ದು ಅಟ್ಟದ ಮೇಲಿನ ಒಂದು ತಗಡಿನ ಡಬ್ಬಿ. ತೂತು ಕೊರೆದ ಪಟ್ಟಿಗಳು, ಹಿತ್ತಾಳೆಯ ಗಾಲಿಗಳು, ಕಿರುಬೆರಳ ಉಗುರಿನಷ್ಟು ನಟ್ಟು-ಬೋಲ್ಟುಗಳು, ಒಂದು ಪಾನಾ: ನಾನು ಚಿಕ್ಕವನಿದ್ದಾಗ ಆಡಿದ ಆಟದ ಸಾಮಾನು. ಪುಣೆಯಲ್ಲಿ ನೌಕರಿ ಮಾಡುವ ಕಾಕಾನ ಮಗ ಅದನ್ನು ಕಂಡವನೇ, “ಅಣ್ಣಾ, ಇದು ಮೆಕ್ಯಾನೊ. ಇಂಥದಕ್ಕ ರೊಕ್ಕಾ ಕೊಡಾವ್ರು ಇದ್ದಾರ” ಎಂದ. ಅಲ್ಲಿಯತನಕ ಅದಕ್ಕೆ ಬೆಲೆಯೊಂದು ಉಂಟೆಂದು ನಮಗಾರಿಗೂ ಹೊಳೆದಿರಲಿಲ್ಲ.

ಮಾರುವುದೋ ಇಟ್ಟುಕೊಳ್ಳುವುದೋ ಎಂಬ ಈ ಸಣ್ಣ ಪೇಚಿನಲ್ಲಿ ಸಿಕ್ಕಿದಾಗ ನನಗೊಂದು ಸಂಗತಿ ತಟ್ಟಿತು. ನಮ್ಮ ಸೀಮೆಯಲ್ಲಿ ಮಕ್ಕಳು ಕಟ್ಟಿ ಆಡುವ ಆಟಗಳು ಹೇರಳವಾಗಿದ್ದವು. ಆದರೆ ಆಡಿದ್ದನ್ನು ಇಡುವ ಪ್ರಶ್ನೆ ಮಾತ್ರ ಹುಟ್ಟಿರಲಿಲ್ಲ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ: ಕರಿಮಣ್ಣಿನ ಎತ್ತು, ಅದರ ಮುಂದೆ ಗೋದಲಿ. ಅದು ಮುಗಿಯುತ್ತಲೇ ಆಷಾಢದ ಮಂಗಳವಾರಗಳಂದು ಗುಳ್ಳವ್ವ. ಹುಡುಗಿಯರು ಹಸಿಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಒತ್ತಿ, ಅವಳಿಗೊಂದು ಮನೆ ಕಟ್ಟುವರು; ಹೊಸ್ತಿಲು, ಕಟ್ಟೆ, ಒಲೆ ಯಾವುದೂ ತಪ್ಪುವಂತಿಲ್ಲ. ದೀಪಾವಳಿಗೆ ಬೆಳಗಾವಿಯ ಓಣಿಗಳಲ್ಲಿ ಹುಡುಗರು ಕಲ್ಲು ಮಣ್ಣು ಪೇರಿಸಿ ಕಿಲ್ಲೆ ಕಟ್ಟುತ್ತಾರೆ. ಬುರುಜು, ಮೆಟ್ಟಿಲು, ಗುಡ್ಡದ ಮೈಮೇಲೆ ಮೊಳಕೆ ಬರಿಸಿದ ಹಸಿರು. ಇವೆಲ್ಲ ಕಟ್ಟಡದ ಆಟಗಳೇ. ಹಬ್ಬ ಕಳೆದರೆ ಗುಳ್ಳವ್ವ ನೀರು ಸೇರುವಳು, ಕಿಲ್ಲೆ ಮಣ್ಣು ಸೇರುವುದು. ಬರುವ ವರ್ಷ ಬೇರೆ ಮಣ್ಣು, ಬೇರೆ ಮನೆ.

ಕನ್ನಡದ ‘ಕಟ್ಟು’ ಎಂಬ ಧಾತುವಿನ ವಿಸ್ತಾರವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಬೆರಗಾಗುತ್ತದೆ. ಎತ್ತನ್ನು ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ಕೆರೆ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಕತೆಯನ್ನೂ ಕಟ್ಟುತ್ತೇವೆ. ಅದರ ಹಿಂದೆ ‘ಇಡು’ ಎಂಬುದೊಂದು ಸೇರಿತೋ, ಕಟ್ಟಿಡುವುದು ಬೇರೆಯೇ ಕೆಲಸ. ಅದಕ್ಕೆ ಗಂಟು ಬೇಕು, ಅಟ್ಟ ಬೇಕು. ಮಳೆಗಾಲಕ್ಕೊಮ್ಮೆ ಸೋರುವ ಮನೆಯಲ್ಲಿ ಜೋಳದ ಚೀಲಕ್ಕೇ ಒಣಗಿದ ಮೂಲೆ ಸಿಕ್ಕದಿರುವಾಗ ಮಕ್ಕಳ ಆಟಿಕೆಯನ್ನು ಯಾರು ಕಟ್ಟಿಟ್ಟಾರು?

ಇಡುವಂಥ ಆಟಿಕೆ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ಗೋಕಾಕದ ಬಣ್ಣದ ಗೊಂಬೆಗಳನ್ನು ಬಲ್ಲವರು ಬಲ್ಲರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಚ್ಚಾದ ಇಂಪೀರಿಯಲ್ ಗೆಜೆಟಿಯರ್ ಕೂಡ ಈ ಊರಿನ ವಿಶೇಷವೆಂದು ಹೇಳುವುದು ಇದನ್ನೇ: ಹಗುರಾದ ಕಟ್ಟಿಗೆಯಿಂದಲೂ ಸುತ್ತಿನಲ್ಲೇ ಸಿಗುವ ಒಂದು ಬಗೆಯ ಮಣ್ಣಿನಿಂದಲೂ ಮಾಡಿದ ಆಕೃತಿಗಳು, ಹಣ್ಣುಗಳು. ಮಾಡುವವರು ಜೀನಗಾರರು. ‘ಜೀನು’ ಎಂದರೆ ಕುದುರೆಯ ತಡಿ. ಫಾರಸಿಯಿಂದ ಬಂದ ಮಾತು. ತಡಿ ಹೊಲಿಯುವ ಕೈ ಬಣ್ಣಕ್ಕೂ ಗೊಂಬೆಗೂ ಹೊರಳಿಕೊಂಡಿತು. ಹೆಸರು ಮಾತ್ರ ಕುದುರೆಯ ಬೆನ್ನಿನ ಮೇಲೆಯೇ ಉಳಿಯಿತು. ಅವರ ಮಾವಿನಹಣ್ಣನ್ನು ತಾಟಿನಲ್ಲಿಟ್ಟು ಬೀಗರನ್ನು ಮೋಸಗೊಳಿಸುವುದು ನಮ್ಮ ಕಡೆಯ ಮದುವೆಮನೆಗಳ ಹಳೆಯ ವಿನೋದ. ಆದರೆ ಅದು ನೋಡುವ ಗೊಂಬೆ. ಬಿಚ್ಚಿ ಮತ್ತೆ ಕಟ್ಟಲು ಬರುವಂಥದಲ್ಲ.

ಬಿಚ್ಚಿ ಕಟ್ಟುವ ಆಟಿಕೆ ಬಂದದ್ದು ಯಂತ್ರದ ನಾಡಿನಿಂದ. ಲಿವರ್‌ಪೂಲಿನಲ್ಲಿ ಮಾಂಸ ಆಮದು ಮಾಡುವ ವರ್ತಕನೊಬ್ಬನ ಹತ್ತಿರ ಲೆಕ್ಕ ಬರೆಯುತ್ತಿದ್ದ ಫ್ರ್ಯಾಂಕ್ ಹಾರ್ನ್‌ಬಿ ಎಂಬವನು ತನ್ನ ಮಕ್ಕಳಿಗೆಂದು ಲೋಹದ ತಗಡನ್ನು ಕತ್ತರಿಸಿ ಪಟ್ಟಿ ಮಾಡಿದ. ಅರ್ಧರ್ಧ ಅಂಗುಲಕ್ಕೊಂದು ತೂತು ಕೊರೆದ. ಎಲ್ಲ ಪಟ್ಟಿಗಳಿಗೂ ಅದೇ ಅಂತರ. ಇವೊತ್ತು ಸೇತುವೆಯಾದ ಪಟ್ಟಿ ನಾಳೆ ಬಂಡಿಯಾಗಬಹುದು, ನಾಡಿದ್ದು ಭಾರ ಎತ್ತುವ ಕ್ರೇನು. ಉಪಾಯವೆಲ್ಲ ಇಷ್ಟೇ. 1901ರಲ್ಲಿ ಅದಕ್ಕೆ ಪೇಟೆಂಟು ಪಡೆದ. 1907ರಲ್ಲಿ ಮೆಕ್ಯಾನೊ ಎಂಬ ಹೆಸರನ್ನು ದಾಖಲು ಮಾಡಿಸಿದ. ಜಾಣತನದಲ್ಲಿ ಹಾರ್ನ್‌ಬಿ ನಮ್ಮ ಪೇಟೆಯ ಯಾವ ಶೆಟ್ಟರಿಗೂ ಕಡಮೆಯಿರಲಿಲ್ಲ: ಪೆಟ್ಟಿಗೆಗಳಿಗೆ ಅಂಕಿ ಹಾಕಿದ, ಒಂದನೆಯ ಪೆಟ್ಟಿಗೆಯುಳ್ಳ ಹುಡುಗ ಎರಡನೆಯದಕ್ಕೆ ಏರಲೆಂದು ನಡುವೆ ಪೂರಕ ಪೆಟ್ಟಿಗೆಯೊಂದನ್ನು ಬೇರೆ ಮಾರಿದ. ಆಟಿಕೆಗೆ ‘ಪೂರ್ಣ’, ‘ಅಪೂರ್ಣ’ ಎಂಬ ಭೇದ ಹುಟ್ಟಿದ್ದು ಇಂಥಲ್ಲಿ. ಗುಳ್ಳವ್ವನ ಮನೆ ಅಪೂರ್ಣವೆಂದು ಯಾರಾದರೂ ಅಂದದ್ದುಂಟೆ?

ಇಂಥ ಪೆಟ್ಟಿಗೆ ಗೋಕಾಕಕ್ಕೆ ಹೇಗೆ ಬಂತು? ಊರಿನಿಂದ ಮೂರು ಹರದಾರಿಯೂ ಇಲ್ಲದ ಫಾಲ್ಸಿನಲ್ಲಿ ಘಟಪ್ರಭೆ 52 ಮೀಟರು ಕೆಳಗೆ ಧುಮುಕುತ್ತಾಳೆ. ಅಲ್ಲಿಯ ನೀರಿನ ಬಲವನ್ನು ನಂಬಿ 1885ರಲ್ಲಿ ಕಂಪನಿಯೊಂದು ಹುಟ್ಟಿ, 1887ರಲ್ಲಿ ಹತ್ತಿಯ ಗಿರಣಿ ಸುರುವಾಯಿತು. ಕಣಿವೆಯ ತಳದಲ್ಲಿ ಟರ್ಬೈನು. ಅದರ ತಿರುಗಾಟವನ್ನು ಹಗ್ಗ ಮತ್ತು ರಾಟೆಗಳ ಮೂಲಕ ಬಂಡೆಯ ಮೇಲಿನ ಗಿರಣಿಗೆ ಏರಿಸುತ್ತಿದ್ದರು. ನದಿಗೆ ಅಡ್ಡವಾಗಿ ಸುಮಾರು 200 ಮೀಟರು ಉದ್ದದ ತೂಗುಸೇತುವೆ. ನನ್ನ ಅಜ್ಜ ಆ ಗಿರಣಿಯಲ್ಲಿ ಕೆಲಸಕ್ಕಿದ್ದ. ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ ಊರು ಬಿಟ್ಟು ಹೊರಟ ಸಾಹೇಬರ ಮನೆಯೊಂದರಲ್ಲಿ ಸಾಮಾನು ಕಟ್ಟಲು ಹೋದಾಗ ಅವರು ಅದನ್ನು ಅವನ ಕೈಗಿತ್ತರಂತೆ. ಮನೆಗೆ ಬಂದ ಮೇಲೆ ಅದಕ್ಕೆ ಹೆಸರು ‘ಪಟ್ಟಿ ಡಬ್ಬಿ’.

ಅಪ್ಪ ಮೂಡಲಗಿಯಲ್ಲಿ ಶಾಲೆಯ ಮಾಸ್ತರ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಆಗ ಅದಿನ್ನೂ ಗೋಕಾಕ ತಾಲೂಕಿನ ಊರು. ಬೇಸಿಗೆಯ ರಜೆ ಬಂತೆಂದರೆ ಅಕ್ಕ, ನಾನು ಬಸ್ಸು ಹತ್ತಿ ಅಜ್ಜನ ಮನೆ ಸೇರುವುದು. ಅಜ್ಜ ನನ್ನನ್ನು ಫಾಲ್ಸಿಗೆ ಕರೆದೊಯ್ದು ತೂಗುಸೇತುವೆಯ ಮೇಲೆ ನಿಲ್ಲಿಸಿ, ಯಾವ ಹಗ್ಗ ಯಾವುದನ್ನು ಎಳೆದು ಹಿಡಿದಿದೆ ಎಂದು ಕೇಳುತ್ತಿದ್ದ. ಕೆಳಗೆ ನೀರಿನ ಆರ್ಭಟ, ಕಾಲಡಿಯಲ್ಲಿ ಹಲಗೆ ಅಲುಗಾಡುವುದು; ಉತ್ತರ ತಪ್ಪಿದರೆ ಸೇತುವೆಯೇ ಬಿದ್ದೀತೆಂಬ ಭಯ ನನಗೆ. ಮನೆಗೆ ಬಂದು ಎರಡು ಮಣೆಗಳ ನಡುವೆ ಪಟ್ಟಿ ಜೋಡಿಸಿ, ಹುರಿ ಕಟ್ಟಿ, ಅದೇ ಸೇತುವೆಯನ್ನು ಮಾಡಬೇಕು. ಹುರಿ ಸಡಿಲಾದರೆ ಅಜ್ಜ ಮಾತಾಡದೆ ಬಿಚ್ಚುತ್ತಿದ್ದ. ಕನ್ನಡ ಓದಿ ಎಂ.ಎ. ಆದ ನನಗೆ ಯಂತ್ರದ ವಿಷಯ ಇಂದಿಗೂ ತಿಳಿದದ್ದು ಅಷ್ಟೇ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಆ ಡಬ್ಬಿಯನ್ನು ಅಕ್ಕನಿಗೆ ಯಾರೂ ಕೊಡುತ್ತಿರಲಿಲ್ಲ. ಕಬ್ಬಿಣದ ಆಟ ಹುಡುಗನದು, ಮಣ್ಣಿನ ಆಟ ಹುಡುಗಿಯದು. ಹೀಗೆಂದು ಯಾರೂ ಹೇಳಲಿಲ್ಲ, ಹೇಳಬೇಕಾದ ಅಗತ್ಯವೂ ಇರಲಿಲ್ಲ. ಆಷಾಢದಲ್ಲಿ ಅವಳು ಗುಳ್ಳವ್ವನಿಗೆ ಕಟ್ಟಿದ ಮನೆಗಳು ನನ್ನ ಸೇತುವೆಗಿಂತ ನೇರಾಗಿ ನಿಲ್ಲುತ್ತಿದ್ದವು. ಅವು ಹೊಳೆಗೆ ಹೋದವು. ನನ್ನವು ಡಬ್ಬಿ ಸೇರಿದವು. ಆದ್ದರಿಂದ ಇಂದು ನನಗೆ ‘ಸಂಗ್ರಹ’ವುಂಟು, ಅವಳಿಗಿಲ್ಲ.

ಡಬ್ಬಿ ಉಳಿದದ್ದಾದರೂ ಆಕಸ್ಮಿಕ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ಒಟ್ಟಿಗೆ ಉಕ್ಕಿದಾಗ ಗೋಕಾಕದ ತಗ್ಗಿನ ಓಣಿಗಳೆಲ್ಲ ನೀರಾದವು. ಲೋಳಸೂರ ಸೇತುವೆ ಮುಳುಗಿತು. ನಮ್ಮ ಮನೆಯಲ್ಲಿ ಎದೆಮಟ್ಟ ನೀರು. ಇಳಿದ ಮೇಲೆ ಹೋಗಿ ನೋಡಿದರೆ, ಅವ್ವ ಗಾಜಿನ ಕಪಾಟಿನಲ್ಲಿ ಇಟ್ಟಿದ್ದ ಗೋಕಾಕದ ಹಣ್ಣುಗಳ ಬುಟ್ಟಿಯಲ್ಲಿ ಬಣ್ಣದ ಕೆಸರು ನಿಂತಿತ್ತು. ಬಾಳೆ ಯಾವುದು, ಸೀತಾಫಲ ಯಾವುದು, ಗೊತ್ತಾಗಲಿಲ್ಲ. ಮೆಕ್ಯಾನೊದ ರಟ್ಟಿನ ಪೆಟ್ಟಿಗೆ, ಚಿತ್ರದ ಪುಸ್ತಕ ಕೆಳಗಿನ ಟ್ರಂಕಿನಲ್ಲಿದ್ದುವು, ಹಿಟ್ಟಾದವು. ಕಬ್ಬಿಣ ಅಟ್ಟದ ಮೇಲಿದ್ದುದರಿಂದ ಉಳಿಯಿತು.

ಇರಲಿ. ಕೊಳ್ಳುವವರು ಪುಣೆಯಿಂದ ಬಂದರು. ಸಭ್ಯ ಮನುಷ್ಯ, ಈ ವಿಷಯದಲ್ಲಿ ಪಂಡಿತರು. ಪಟ್ಟಿಯೊಂದನ್ನು ಬೆಳಕಿಗೆ ಹಿಡಿದು ಕಾಲನಿರ್ಣಯ ಮಾಡತೊಡಗಿದರು, ನಾವು ಲಿಪಿ ನೋಡಿ ಶಾಸನದ ಶತಮಾನ ಹೇಳುವಂತೆ. 1926ರಲ್ಲಿ ಮೆಕ್ಯಾನೊ ಪಟ್ಟಿಗಳಿಗೆ ಕೆಂಪು-ಹಸಿರು ಬಣ್ಣ ಬಂತು, 1934ರಲ್ಲಿ ನೀಲಿ-ಹೊನ್ನು, ಎರಡನೆಯ ಮಹಾಯುದ್ಧದ ನಂತರ ಮರಳಿ ಕೆಂಪು-ಹಸಿರು. ನಮ್ಮದು ಯುದ್ಧದ ಈಚಿನದು, ಆದ್ದರಿಂದ ಅಷ್ಟೇನೂ ದುರ್ಲಭವಲ್ಲ. ಲಿವರ್‌ಪೂಲಿನ ಕಾರ್ಖಾನೆ 1979ರಲ್ಲಿ ಮುಚ್ಚಿತೆಂದೂ ಅವರೇ ಹೇಳಿದರು. ಆಮೇಲೆ ರಟ್ಟಿನ ಪೆಟ್ಟಿಗೆ ಕೇಳಿದರು. ಹೊಳೆಯ ಕತೆ ಹೇಳಿದೆ. ಅವರಿಗೆ ನಿಜಕ್ಕೂ ದುಃಖವಾಯಿತು. ಪೆಟ್ಟಿಗೆಯಿದ್ದರೆ ಬೆಲೆ ಎಷ್ಟೋ ಪಟ್ಟು ಎಂದರು. ಒಳಗಿನ ಕಬ್ಬಿಣಕ್ಕಿಂತ ಹೊರಗಿನ ರಟ್ಟಿಗೆ ಹೆಚ್ಚು ಬೆಲೆ ಎಂಬುದನ್ನು ಕೇಳಿ ನನಗೆ ಶೂದ್ರಕನ ಮೃಚ್ಛಕಟಿಕ ನೆನಪಾಯಿತು. ಅಲ್ಲಿ ಚಾರುದತ್ತನ ಮಗ ಚಿನ್ನದ ಬಂಡಿ ಬೇಕೆಂದು ಅಳುತ್ತಾನೆ. ವಸಂತಸೇನೆ ಅವನ ಮಣ್ಣಿನ ಬಂಡಿಯಲ್ಲಿ ತನ್ನ ಒಡವೆ ತುಂಬುತ್ತಾಳೆ. ಆ ಒಡವೆಗಳೇ ಮುಂದೆ ಚಾರುದತ್ತನನ್ನು ವಧಾಸ್ಥಾನದವರೆಗೆ ಒಯ್ಯುತ್ತವೆ. ಆಟಿಕೆಯಲ್ಲಿ ಬೆಲೆ ಬಂದು ಕೂತರೆ ಹೀಗೆಯೇ ಏನೋ.

ಬಳಿಕ ಅವರು ಪಟ್ಟಿಗಳನ್ನು ಅಳತೆಗನುಗುಣವಾಗಿ ಸಾಲಿಟ್ಟು ಎಣಿಸಿದರು. ಉದ್ದನೆಯವುಗಳಲ್ಲಿ ಐದು ಕಡಮೆ. “ಎಲ್ಲಿ ಹೋದವು?” ಎಂದರು. ನನಗೆ ಗೊತ್ತಿತ್ತು. ಒಂದು ಅವ್ವನ ಹೊಲಿಗೆ ಯಂತ್ರದ ಕಾಲಿಗೆ ಆಸರೆ. ಒಂದು ದನದ ಕೊಟ್ಟಿಗೆಯ ಕಂದೀಲಿನ ಕೊಕ್ಕೆ. ಎರಡು ತೊಟ್ಟಿಲಿನಲ್ಲಿ ಸೇರಿ, ತೊಟ್ಟಿಲು ಯಾರದೋ ಮನೆಗೆ ಹೋಗಿ, ಮರಳಿ ಬರಲಿಲ್ಲ. ಐದನೆಯದು ಹುಕ್ಕೇರಿಯಲ್ಲಿ ಅಕ್ಕನ ಅಡಿಗೆಮನೆಯ ಕಿಟಕಿಗೆ ಚಿಲಕ. ಅವಳ ಮದುವೆಯಾದ ಹೊಸದರಲ್ಲಿ ಬೀಗರ ಮನೆಗೆ ಹೋಗಿದ್ದ ಅಜ್ಜ ಕಿಟಕಿ ಗಾಳಿಗೆ ಬಡಿದುಕೊಳ್ಳುವುದನ್ನು ಕಂಡು ತಾನೇ ಕೂಡಿಸಿದ್ದ. ಅದನ್ನಾದರೂ ತರಿಸಿದರೆ ಇನ್ನೊಂದು ಸಾವಿರ ಸೇರಿಸುವೆನೆಂದರು ಆ ಗೃಹಸ್ಥರು.

ನಾನಿರುವುದೂ ಹುಕ್ಕೇರಿಯಲ್ಲಿಯೇ, ಕಾಲೇಜಿನಿಂದ ಅಕ್ಕನ ಮನೆಗೆ ಆದಿಲಶಾಹಿ ಕಾಲದ ಗುಮ್ಮಟಗಳನ್ನು ನೋಡುತ್ತ ನಡೆದರೆ ಕಾಲು ಗಂಟೆ. ಆ ಸಂಜೆ ಡಬ್ಬಿಯನ್ನು ಹೊತ್ತುಕೊಂಡೇ ಹೋದೆ. ಮಾರಲೇ ಎಂದು ಕೇಳಿದೆ.

“ಮಾರೂದಾದ್ರ ಮಾರಪಾ ತಮ್ಮಾ. ನನ್ನ ಕೇಳ್ತಿ ಯಾಕ? ನನಗ ಅದನ್ನ ಮುಟ್ಟಾಕರೆ ಎಲ್ಲಿ ಕೊಟ್ಟಿದ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಚಿಲಕದ ವಿಷಯ ತೆಗೆದೆ.

“ಚಿಲಕಾ ಕೊಟ್ಟು ಕಿಟಕಿ ಹ್ಯಾಂಗ ಹಾಕ್ಲಿ? ಅದಂತೂ ನಂದ ಐತಿ, ಅಜ್ಜ ನನಗ ಕೊಟ್ಟದ್ದು. ಅದನ್ನ ಕೇಳಬ್ಯಾಡ.”

ನಲವತ್ತು ವರ್ಷ ನನ್ನದೆಂದುಕೊಂಡಿದ್ದ ಡಬ್ಬಿಯನ್ನು ಅಲ್ಲೇ ಜಗಲಿಯ ಮೇಲಿಟ್ಟು ಚಹ ಕುಡಿದು ಬಂದೆ. ಮರುದಿನ ಪುಣೆಗೆ ಕೊಡುವುದಿಲ್ಲವೆಂದು ತಿಳಿಸಿದೆ. ಅವರು ಬೇಸರಪಡಲಿಲ್ಲ, ಆ ಕಿಟಕಿಯ ಫೋಟೋ ಒಂದನ್ನಾದರೂ ಕಳಿಸಿರೆಂದರು.

ಮುಂದಿನ ರವಿವಾರ ಹೋದಾಗ ಅಕ್ಕನ ಏಳು ವರ್ಷದ ಮೊಮ್ಮಗಳು ಎರಡು ಮಣೆಗಳ ನಡುವೆ ಪಟ್ಟಿ ಹಾಸಿ ಕೂತಿದ್ದಳು. ಹುರಿ ಸಡಿಲಾಗಿತ್ತು. ನಾನು ಬಗ್ಗಿ ಬಿಚ್ಚಹೋದೆ. ಅಕ್ಕ ನನ್ನ ಕೈ ಸರಿಸಿ, ತಾನೇ ಪಾನಾ ತೆಗೆದುಕೊಂಡು, ಕೊನೆಯ ತೂತಿನ ನಟ್ಟನ್ನು ಬಿಗಿಮಾಡತೊಡಗಿದಳು.