ಬಹುಮಾನದ ಚೀಟಿಗೆ ದುಡ್ಡು ಕೊಡೋರು ಯಾರು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೇನಲ್ಲಿ ನಿಂತುಕೊಂಡೇ ಓದ್ತೀವಿ, ಬರೆದು ಹಾಕಿ ಅಂತ ಕೆಲವರು ಕೇಳಿದ್ರಿ. ಹಾಗಾಗಿ ಈ ವಾರದ ಮಾತನ್ನ ಇಲ್ಲಿ ಅಕ್ಷರಕ್ಕಿಳಿಸಿದ್ದೀನಿ. ಮಾತಿನಲ್ಲಿ ಹಿಂದೆ ಮುಂದೆ ಆಗಿದ್ದನ್ನ ಸ್ವಲ್ಪ ಸರಿ ಮಾಡಿದ್ದೀನಿ, ಅಷ್ಟೇ.

ವಿಷಯ ಶುರುವಾಗಿದ್ದು ನಮ್ಮ ಮನೆಯಿಂದ. ಡೊಂಬಿವ್ಲಿ ಪೂರ್ವದಲ್ಲಿ ನಾವು ತಿಂಗಳ ಸಾಮಾನು ತರೋ ಅಂಗಡಿಯ ಶೇಟ್ ಒಂದು ಯೋಜನೆ ಹಾಕಿದ್ರು. ರಾಗಿ, ಜೋಳ, ಸಜ್ಜೆ, ಕಾಳು, ಓಟ್ಸ್, ಹಣ್ಣು, ಹೀಗೆ ಮೈಗೆ ಒಳ್ಳೇದು ಅನ್ನೋ ಸಾಮಾನನ್ನ 500 ರೂಪಾಯಿಗೆ ತಗೊಂಡ್ರೆ ಒಂದು ಕೂಪನ್. ತಿಂಗಳ ಕೊನೆಗೆ ಲಕ್ಕಿ ಡ್ರಾ. ಗೆದ್ದ ಐದು ಕುಟುಂಬಗಳನ್ನ ಬೈಕಲಾದ ಮ್ಯೂಸಿಯಂಗೆ ಕರ್ಕೊಂಡು ಹೋಗಿ, ಊಟ ಹಾಕಿಸಿ, ವಾಪಸ್ ಬಿಡೋದು. "ಭಾವು, ನಿಮ್ಮ ಚಾನೆಲ್‌ನಲ್ಲಿ ಒಂದು ಮಾತು ಹೇಳಿ, ನಿಮ್ಮ ಕನ್ನಡದವರೂ ಬರ್ತಾರೆ" ಅಂದ್ರು. ಆರೋಗ್ಯವೂ ಆಯ್ತು, ಇತಿಹಾಸವೂ ಆಯ್ತು. ನಾನು ಹೂಂ ಅಂದುಬಿಟ್ಟೆ.

ಮನೆಗೆ ಬಂದು ನೋಡ್ತೀನಿ, ಅಡುಗೆಮನೆ ಕಪಾಟಿನಲ್ಲಿ ಓಟ್ಸ್ ಪ್ಯಾಕೆಟ್ ಮೂರು. ನಮ್ಮ ಮನೇಲಿ ಓಟ್ಸ್ ಯಾರೂ ಮುಟ್ಟೋದಿಲ್ಲ. "ಏನವ್ವಾ ಇದು?" ಅಂದೆ. ಅವ್ವ, "ಐನೂರಕ್ಕ ಎಂಬತ್ತು ರೂಪಾಯಿ ಕಡಿಮಿ ಬಿದ್ದಿತ್ತಪಾ. ಅಷ್ಟಕ್ಕ ಕೂಪನ್ ಬಿಡಬೇಕನು?" ಅಂದ್ಲು. ಹಾಗೆ ಮೂರು ಸಲ ಬಿದ್ದಿದೆ. ಆಮೇಲೆ ತಾನೇ ನಕ್ಕು, "ನಿಮ್ಮಜ್ಜಂದೂ ಹಿಂಗ ಇತ್ತು ನೋಡು" ಅಂತ ಒಂದು ಕತೆ ತೆಗೆದಳು.

ನಮ್ಮಜ್ಜ ಹುಬ್ಬಳ್ಳಿಯಲ್ಲಿದ್ದವರು. 1950ರ ಆಸುಪಾಸಿನಲ್ಲಿ ಅವರಿಗೆ ಬಹುಮಾನದ ಪದಬಂಧ ತುಂಬೋ ಹುಚ್ಚು. ಯಾವ ಪತ್ರಿಕೆಯದ್ದು ಅನ್ನೋದು ಅವ್ವನಿಗೆ ನೆನಪಿಲ್ಲ. ಒಂದೊಂದು ಫಾರಂಗೂ ಪ್ರವೇಶ ಶುಲ್ಕ. ಒಂದೇ ಪದಬಂಧಕ್ಕೆ ಹತ್ತು ಫಾರಂ ತುಂಬೋದು, ಒಂದರಲ್ಲಿ ಈ ಪದ, ಇನ್ನೊಂದರಲ್ಲಿ ಆ ಪದ. ಆ ತಿಂಗಳು ಮನೆಗೆ ತುಪ್ಪ ಬರ್ತಿರಲಿಲ್ಲವಂತೆ. ಬಹುಮಾನ ಬಂದದ್ದೂ ಇಲ್ಲ.

ಈ ಕತೆ ಕೇಳಿದ ಮೇಲೆ ಶೇಟ್‌ಗೆ ಕೊಟ್ಟ ಮಾತು ಗಂಟಲಲ್ಲಿ ಸಿಕ್ಕಿಕೊಳ್ತು. ನಾನು ಹೇಳಿದ್ದನ್ನ ನಂಬಿ ಯಾರೋ ಬೇಡದ ಸಾಮಾನು ತಗೊಂಡ್ರೆ? ಅದಕ್ಕೆ ಕೂತು ಹಳೇದನ್ನ ಹುಡುಕಿದೆ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಬೆಂಗಳೂರಲ್ಲಿ ಅಚ್ಚು, ಮುಂಬಯಿಯಲ್ಲಿ ಜೂಜು

ಅಜ್ಜನ ಕಾಲದಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲವೂ ಮುಂಬಯಿ ರಾಜ್ಯದಲ್ಲಿದ್ದವು. ಅಂದ್ರೆ ಕಲ್ಯಾಣ, ಠಾಣೆಗೆ ಯಾವ ಕಾನೂನೋ ಹುಬ್ಬಳ್ಳಿಗೂ ಅದೇ ಕಾನೂನು. ಬೆಂಗಳೂರು ಮಾತ್ರ ಬೇರೆ, ಅದು ಮೈಸೂರು.

1948ರಲ್ಲಿ ಮುಂಬಯಿ ಸರ್ಕಾರ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳ ಮೇಲೆ ನಿಯಂತ್ರಣ ಮತ್ತು ತೆರಿಗೆ ಹಾಕೋ ಕಾಯ್ದೆ ತಂತು. ಆಗ ಬೆಂಗಳೂರಿನಿಂದ 'ಸ್ಪೋರ್ಟಿಂಗ್ ಸ್ಟಾರ್' ಅನ್ನೋ ಇಂಗ್ಲಿಷ್ ವಾರಪತ್ರಿಕೆ ಹೊರಡ್ತಿತ್ತು. ಅದರಲ್ಲಿ ಆರ್.ಎಂ.ಡಿ.ಸಿ. ಪದಬಂಧ ಸ್ಪರ್ಧೆ. ನಡೆಸ್ತಿದ್ದವರು ಆರ್.ಎಂ.ಡಿ. ಚಮರ್‌ಬಾಗ್‌ವಾಲಾ, ಕಂಪನಿ ನೋಂದಣಿ ಆಗಿದ್ದು ಮೈಸೂರು ಸಂಸ್ಥಾನದಲ್ಲಿ. ಆದ್ರೆ ಪತ್ರಿಕೆ ಮುಂಬಯಿ ರಾಜ್ಯದ ತುಂಬ ಹರಡಿತ್ತು. ಫಾರಂ, ಶುಲ್ಕ ಸಂಗ್ರಹ ಮಾಡೋಕೆ ಇಲ್ಲಿಯೇ ಜನ ಇದ್ದರು. 1952ರಲ್ಲಿ ಮುಂಬಯಿ ಸರ್ಕಾರ ಕಾಯ್ದೆ ತಿದ್ದಿ, ರಾಜ್ಯದ ಹೊರಗೆ ಅಚ್ಚಾಗೋ ಪತ್ರಿಕೆಗಳ ಸ್ಪರ್ಧೆಗಳನ್ನೂ ಅದರೊಳಗೆ ತಂತು. ಕಂಪನಿ ಕೋರ್ಟಿಗೆ ಹೋಯ್ತು. ನಮ್ಮದು ವ್ಯಾಪಾರ, ವ್ಯಾಪಾರ ಮಾಡೋ ಹಕ್ಕು ಸಂವಿಧಾನ ಕೊಟ್ಟಿದೆ ಅಂತ ವಾದ.

ಹೈಕೋರ್ಟಿನಲ್ಲಿ ಕಂಪನಿ ಗೆದ್ದಿತು. ಸುಪ್ರೀಂ ಕೋರ್ಟು 1957ರ ಏಪ್ರಿಲ್ 9ರಂದು ಅದನ್ನ ತಿರುಗಿಸಿ ಹಾಕಿತು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಬರೆದ ತೀರ್ಪಿನ ಸಾರ ಇಷ್ಟು: ಜೂಜು ವ್ಯಾಪಾರವೇ ಅಲ್ಲ, ಹಾಗಾಗಿ ವ್ಯಾಪಾರದ ಹಕ್ಕಿನ ರಕ್ಷಣೆ ಅದಕ್ಕಿಲ್ಲ. ಅಷ್ಟರಲ್ಲಿ ಕೇಂದ್ರ ಸರ್ಕಾರ 1955ರಲ್ಲಿ ತನ್ನದೇ ಬಹುಮಾನ ಸ್ಪರ್ಧೆಗಳ ಕಾಯ್ದೆ ತಂದಾಗಿತ್ತು. ತಿಂಗಳಿಗೆ ಒಟ್ಟು ಬಹುಮಾನ 1,000 ರೂಪಾಯಿ ಮೀರಬಾರದು, ಒಂದು ಸ್ಪರ್ಧೆಗೆ 2,000ಕ್ಕಿಂತ ಹೆಚ್ಚು ಪ್ರವೇಶ ತಗೋಬಾರದು. ದೊಡ್ಡ ಪದಬಂಧಗಳ ಕಾಲ ಅಲ್ಲಿಗೆ ಮುಗೀತು. ಆ ತೀರ್ಪು ಬಂದಾಗ ಅಜ್ಜನ ಹುಬ್ಬಳ್ಳಿ ಮೈಸೂರು ರಾಜ್ಯಕ್ಕೆ ಸೇರಿ ಐದು ತಿಂಗಳಾಗಿತ್ತು. ಅಂತೂ ಅಜ್ಜ, ಬೆಂಗಳೂರು ಒಂದೇ ರಾಜ್ಯಕ್ಕೆ ಬಂದರು, ಪದಬಂಧ ಹೋಯ್ತು.

ಈ ಕೇಸಿನಿಂದ ನಾವು ಇಟ್ಕೋಬೇಕಾದ್ದು ಒಂದು ಸರಳ ಲೆಕ್ಕ. ಲಾಟರಿ ಅನ್ನಿಸಿಕೊಳ್ಳೋಕೆ ಮೂರು ಸೇರಬೇಕು: ಬಹುಮಾನ, ಅದೃಷ್ಟ, ಮತ್ತು ಅದಕ್ಕೆ ಅಂತ ಕೊಟ್ಟ ದುಡ್ಡು. ಮೂರನೆಯದು ಇಲ್ಲದಿದ್ರೆ ಅದು ಉಡುಗೊರೆ. ಹಾಗಾದ್ರೆ ಅವ್ವನ ಮೂರು ಓಟ್ಸ್ ಪ್ಯಾಕೆಟ್ ಏನು? ಅದು ಊಟಕ್ಕೆ ಕೊಟ್ಟ ದುಡ್ಡೋ, ಚೀಟಿಗೆ ಕೊಟ್ಟ ದುಡ್ಡೋ?

ಹಾರ್ಲಿಕ್ಸ್ ಬಾಟಲಿಯೊಳಗಿನ ಚೀಟಿ

ಇದೇ ಪ್ರಶ್ನೆ ಮುಂದೆ ಕೋರ್ಟಿಗೂ ಬಂತು. ಅದೂ ಆರೋಗ್ಯದ ಹೆಸರಲ್ಲಿ ಮಾರೋ ಡಬ್ಬಿಯಿಂದಲೇ. ಸಾಚರ್ ಸಮಿತಿ 1978ರಲ್ಲಿ ಗ್ರಾಹಕರ ಬಗ್ಗೆ ವರದಿ ಕೊಟ್ಟ ಮೇಲೆ, 1984ರಲ್ಲಿ ಏಕಸ್ವಾಮ್ಯ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ಆಯ್ತು. ಮಾರಾಟ ಹೆಚ್ಚಿಸೋಕೆ ಲಾಟರಿ, ಅದೃಷ್ಟದ ಆಟ ನಡೆಸೋದನ್ನ, ಬೆಲೆಯೊಳಗೇ ಸೇರಿಸಿ ಬಿಟ್ಟಿ ಅಂತ ಹೇಳೋದನ್ನ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆದರು. ಹಾರ್ಲಿಕ್ಸ್ ಕಂಪನಿ ಕೆಲವು ಬಾಟಲಿಗಳೊಳಗೆ ಬಹುಮಾನದ ಚೀಟಿ ಇಟ್ಟಿತ್ತು, ಆಯೋಗ ಆಕ್ಷೇಪ ಎತ್ತಿತು. 1998ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಚೀಟಿ ಇಟ್ಟಿದ್ದಷ್ಟಕ್ಕೇ ಅದು ಲಾಟರಿ ಆಗೋದಿಲ್ಲ, ಗ್ರಾಹಕರಿಗೆ ನಷ್ಟ ಆಯ್ತಾ ಅನ್ನೋದನ್ನ ನೋಡಬೇಕು ಅನ್ನೋದು ಅದರ ದಾರಿ.

ಕಾನೂನಿನ ದೃಷ್ಟಿ ಹಾಗೆ. ಆದ್ರೆ ತಾಯಂದಿರಿಗೆ ಗೊತ್ತು, ನಷ್ಟ ಅನ್ನೋದು ಬರೀ ಎಂ.ಆರ್.ಪಿ.ಯಲ್ಲಿ ಇರೋದಿಲ್ಲ. ಬೇಡದ ಡಬ್ಬಿ ಮನೆಗೆ ಬರೋದೂ ನಷ್ಟವೇ.

2002ರ ತಿದ್ದುಪಡಿಯಲ್ಲಿ ಒಂದು ಒಳ್ಳೇ ಮಾತು ಸೇರಿಕೊಳ್ತು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಅದು ಇದೆ: ಬಹುಮಾನದ ಯೋಜನೆ ಮಾಡಿದವರು ಅದರ ಫಲಿತಾಂಶವನ್ನ ಭಾಗವಹಿಸಿದವರಿಗೆ ತಿಳಿಸದೆ ಇಟ್ಟುಕೊಳ್ಳೋದು ಅನುಚಿತ. ನಾವು ನೀವು ಎಷ್ಟು ಡಬ್ಬಿಯೊಳಗೆ ಕೂಪನ್ ಹಾಕಿದ್ದೀವಿ ಹೇಳಿ! ಮಾಲ್‌ನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ನವರಾತ್ರಿ ಮೇಳದಲ್ಲಿ. ಯಾರಿಗೆ ಬಂತು ಅಂತ ಎಂದಾದ್ರೂ ಕೇಳಿದ್ದೀವಾ?

ಸರ್ಕಾರವೂ ಈ ಆಟ ಆಡಿದೆ. ನೋಟು ರದ್ದತಿಯ ನಂತರ, 2016ರ ಡಿಸೆಂಬರ್ 25ರಿಂದ 2017ರ ಏಪ್ರಿಲ್ 14ರವರೆಗೆ, ಡಿಜಿಟಲ್ ಪಾವತಿ ಮಾಡಿದವರಿಗೆ ಲಕ್ಕಿ ಗ್ರಾಹಕ್ ಯೋಜನೆ ನಡೀತು. ಕೊನೆಗೆ 1 ಕೋಟಿ ರೂಪಾಯಿ ಬಂದಿದ್ದು ನಮ್ಮ ಮಹಾರಾಷ್ಟ್ರದ ಲಾತೂರಿನ ಒಬ್ಬ ಹುಡುಗಿಗೆ. ಆಕೆ ಕಟ್ಟಿದ್ದು ಮೊಬೈಲಿನ ಕಂತು, 1,590 ರೂಪಾಯಿ. ಅವಳು ಹೇಗೂ ಕಟ್ಟಲೇಬೇಕಿದ್ದ ದುಡ್ಡು ಅದು. ಬಹುಮಾನಕ್ಕೋಸ್ಕರ ಮಾಡಿದ ಖರ್ಚಲ್ಲ. ಈ ವ್ಯತ್ಯಾಸ ನೆನಪಿಡಿ.

ಅದೃಷ್ಟ ಬೇಡ, ಪಾಲು ಕೊಡಿ

ಹಾಗಾದ್ರೆ ಒಳ್ಳೇ ಸಾಮಾನು ತಗೊಳ್ಳಿ ಅಂತ ಜನರನ್ನ ಒಲಿಸೋಕೆ ಬೇರೆ ದಾರಿ ಇತ್ತಾ? ಇತ್ತು. ಇಂಗ್ಲೆಂಡಿನ ರಾಚ್‌ಡೇಲ್ ಅನ್ನೋ ಊರಲ್ಲಿ ನೇಕಾರರೇ ಮೊದಲಾದ ದುಡಿಯೋ ಜನ ಸೇರಿ 1844ರ ಡಿಸೆಂಬರ್ 21ರಂದು ಒಂದು ಅಂಗಡಿ ತೆರೆದರು. ಕಲಬೆರಕೆ ಇಲ್ಲದ ಸಾಮಾನು, ಸರಿಯಾದ ತೂಕ. ಮೊದಲ ದಿನದ ಸಾಮಾನು ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದಬತ್ತಿ, ಮತ್ತೆ ಕೇಳಿ, ಓಟ್ಸ್ ಹಿಟ್ಟು! ಉಳಿದ ಲಾಭವನ್ನ ಯಾರು ಎಷ್ಟು ಕೊಂಡರೋ ಆ ಪ್ರಮಾಣದಲ್ಲಿ ಎಲ್ಲರಿಗೂ ಹಂಚಿದರು. ಒಬ್ಬರಿಗೆ ಬಂಪರ್, ಉಳಿದವರಿಗೆ ಬಾಯಿಗೆ ಮಣ್ಣು ಅಂತಲ್ಲ. ಮುಂದೆ ಲಾಭದಲ್ಲಿ ನೂರಕ್ಕೆ ಎರಡೂವರೆ ಭಾಗ ಓದು, ವಾಚನಾಲಯಕ್ಕೆ ಅಂತ ತೆಗೆದಿಟ್ಟರು. ದಿನಸಿ ಮತ್ತು ಜ್ಞಾನ ಎರಡನ್ನೂ ಜೋಡಿಸಿದ್ದು ಅವರು, ಆದ್ರೆ ಡ್ರಾ ಇಲ್ಲದೆ.

ಸಹಕಾರದ ಈ ಮಾತು ನಮ್ಮ ಕಡೆಗೂ ಬಂತು. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಹಕಾರ ಸಂಘ ಪತ್ತಿನ ಸಂಘ. ಆಗ ಕಣಗಿನಹಾಳವೂ ಠಾಣೆಯೂ ಒಂದೇ ಮುಂಬಯಿ ಪ್ರಾಂತ್ಯ. 1948ರಲ್ಲಿ, ಅಂದ್ರೆ ಲಾಟರಿ ಕಾಯ್ದೆ ಬಂದ ವರ್ಷವೇ, ಮುಂಬಯಿಯ ಗಿರಣಿ ಪ್ರದೇಶ ನಾಯಗಾಂವ್‌ನಲ್ಲಿ ಅಪ್ನಾ ಬಜಾರ್ ಹುಟ್ಟಿತು. 1975ರಲ್ಲಿ ಬಿಂದುಮಾಧವ ಜೋಶಿಯವರ ಮುಂದಾಳತ್ವದಲ್ಲಿ ಮುಂಬಯಿ ಗ್ರಾಹಕ ಪಂಚಾಯತ್. ಇದಕ್ಕೆ ಅಂಗಡಿಯೇ ಇಲ್ಲ. ಅಕ್ಕಪಕ್ಕದ ಮನೆಯವರು ಗುಂಪು ಕಟ್ಟಿಕೊಂಡು, ತಿಂಗಳ ಪಟ್ಟಿ ಬರೆದು ಕೊಡೋದು. ಸಗಟಿನಲ್ಲಿ ಕೊಂಡ ಸಾಮಾನು ಒಂದು ಮನೆಗೆ ಬರತ್ತೆ, ಅಲ್ಲಿಂದ ಹಂಚಿಕೊಳ್ಳೋದು. ಪಟ್ಟಿಯನ್ನ ಮನೇಲಿ ಕೂತು ಬರೆಯೋದ್ರಿಂದ, ಬೇಡದ್ದು ಅದರೊಳಗೆ ಬರೋದು ಕಡಿಮೆ. ಗಲ್ಲಾ ಮುಂದೆ ನಿಂತಾಗ "ಎಂಬತ್ತು ರೂಪಾಯಿ ಕಡಿಮೆ ಬಿತ್ತು" ಅನ್ನೋ ಮಾತೇ ಇಲ್ಲ.

ಮ್ಯೂಸಿಯಂಗೆ ಜನ ಬರಬೇಕಾದ್ರೆ

ಈಗ ಬಹುಮಾನದ ಇನ್ನೊಂದು ಕಡೆ, ಮ್ಯೂಸಿಯಂ. ಆಸೆ ತೋರಿಸಿ ಜನರನ್ನ ಮ್ಯೂಸಿಯಂಗೆ ಕರೆಯೋದು ಹೊಸದೇನಲ್ಲ. ಮದ್ರಾಸಿನ ಮ್ಯೂಸಿಯಂ 1851ರಲ್ಲಿ ಶುರುವಾದಾಗ ಅದರ ಮುಖ್ಯಸ್ಥ ಡಾಕ್ಟರ್ ಎಡ್ವರ್ಡ್ ಬಾಲ್ಫೋರ್ ಜೀವಂತ ಹುಲಿ, ಚಿರತೆ ತಂದು ಇಟ್ಟರು. ಅದನ್ನ ನೋಡೋಕೆ ಬಂದವರು ಕಲ್ಲು, ನಾಣ್ಯವನ್ನೂ ನೋಡಿಕೊಂಡು ಹೋದರು. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಹಿಂದೆಯೂ ಇದೇ ಬಾಲ್ಫೋರ್ ಇದ್ದರು, 1865ರಲ್ಲಿ. ಜನ ಅದಕ್ಕೆ ಇಟ್ಟ ಹೆಸರು ತಮಾಷಾ ಬಂಗಲೆ.

ನಮ್ಮ ಬೈಕಲಾ ಮ್ಯೂಸಿಯಂ ಜನರಿಗೆ ತೆರೆದದ್ದು 1872ರಲ್ಲಿ. ಆಗ ಅದರ ಹೆಸರು ವಿಕ್ಟೋರಿಯಾ ಅಂಡ್ ಆಲ್ಬರ್ಟ್. ಅದಕ್ಕಾಗಿ ಓಡಾಡಿದವರಲ್ಲಿ ಡಾಕ್ಟರ್ ಭಾವು ದಾಜಿ ಲಾಡ್, ಜಗನ್ನಾಥ ಶಂಕರಶೇಟ್, ಜಾರ್ಜ್ ಬರ್ಡ್‌ವುಡ್ ಮುಖ್ಯರು. 1975ರಲ್ಲಿ ಭಾವು ದಾಜಿಯವರ ಹೆಸರಿಟ್ಟರು. ಪಕ್ಕದಲ್ಲೇ ರಾಣಿ ಬಾಗ್, ಪ್ರಾಣಿಗಳ ತೋಟ. ಹೊರಗೆ ನಿಂತಿರೋ ಕಲ್ಲಿನ ಆನೆ ಘಾರಾಪುರಿ ದ್ವೀಪದಿಂದ ಬಂದದ್ದು, ದ್ವೀಪಕ್ಕೆ ಎಲಿಫೆಂಟಾ ಅಂತ ಹೆಸರು ಬಂದದ್ದೇ ಆ ಆನೆಯಿಂದ. ಒಳಗೆ ನಾನಾ ಕಸುಬಿನವರ, ನಾನಾ ಸಮುದಾಯದವರ ಮಣ್ಣಿನ ಗೊಂಬೆಗಳು.

ನಾನು ಹೇಳೋದು ಏನಂದ್ರೆ, ಹುಲಿ ತೋರಿಸಿ ಕರೆಯೋದ್ರಲ್ಲಿ ತಪ್ಪಿಲ್ಲ. ಹುಲಿ ಎಲ್ಲರಿಗೂ ಕಾಣ್ತಿತ್ತು. ಚೀಟಿ ಎತ್ತಿದ ಐದು ಮನೆಗೆ ಮಾತ್ರ ಅಲ್ಲ.

ಶೇಟ್ ಏನಂದ್ರು?

ಇಷ್ಟೆಲ್ಲ ಓದಿಕೊಂಡು ಅಂಗಡಿಗೆ ಹೋದೆ. ಮೂರು ಮಾತು ಹೇಳಿದೆ. ಒಂದು, 500ರ ಗೆರೆ ತೆಗೀರಿ, ಏನು ಕೊಂಡ್ರೂ, ಕೊಳ್ಳದಿದ್ರೂ, ಹೆಸರು ಬರೆದವರಿಗೆ ಚೀಟಿ ಕೊಡಿ. ಎರಡು, ಫಲಿತಾಂಶವನ್ನ ಬಾಗಿಲ ಮೇಲೆ ಅಂಟಿಸಿ. ಮೂರು, ಬಹುಮಾನದ ದುಡ್ಡಲ್ಲಿ ರಾಗಿ, ಜೋಳದ ಬೆಲೆಯನ್ನೇ ಕಿಲೋಗೆ ಎರಡು ರೂಪಾಯಿ ಇಳಿಸಿ.

ಶೇಟ್ ಜಗಳ ಮಾಡಲಿಲ್ಲ. "ಭಾವು, ಎರಡು ರೂಪಾಯಿ ಇಳಿಸಿದ್ರೆ ಯಾರೂ ಫೋಟೋ ತೆಗೆಯಲ್ಲ. ಐದು ಮನೆಯವರನ್ನ ಕರ್ಕೊಂಡು ಹೋದ್ರೆ ಇಡೀ ಗಲ್ಲಿಗೆ ಗೊತ್ತಾಗತ್ತೆ. ದೊಡ್ಡ ದೊಡ್ಡ ಮಾರ್ಟ್‌ಗಳ ಪಕ್ಕದಲ್ಲಿ ನಾನು ಉಳೀಬೇಕಲ್ಲ?" ಅಂದ್ರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಣ್ಣ ಅಂಗಡಿಯವನ ಕಷ್ಟವೂ ಸುಳ್ಳಲ್ಲ. ಕೊನೆಗೆ ಮೊದಲ ಎರಡನ್ನ ಒಪ್ಪಿದ್ರು, ಮೂರನೆಯದನ್ನ ಬಿಟ್ಟರು. ನಾನೂ ಹಾಗೇ ಚಾನೆಲ್‌ನಲ್ಲಿ ಹೇಳಿದೆ: ಚೀಟಿಗೋಸ್ಕರ ಏನೂ ಕೊಳ್ಳಬೇಡಿ, ಸುಮ್ಮನೆ ಹೆಸರು ಬರೆಸಿ ಬನ್ನಿ. ಡ್ರಾ ಆದ ಸಂಜೆ ಬಾಗಿಲ ಮೇಲೆ ಐದು ಹೆಸರು ಬಂತು.

ಅವ್ವನ ಹೆಸರು ಬರಲಿಲ್ಲ. ಮುಂದಿನ ಭಾನುವಾರ ನಾವೇ ಟಿಕೆಟ್ ತೆಗೆಸಿ ಹೋದ್ವಿ. ಸ್ಲೋ ಲೋಕಲ್, ಬೈಕಲಾದಲ್ಲಿ ಇಳಿದು ಕಾಲ್ನಡಿಗೆ. ಅವ್ವ ಮಣ್ಣಿನ ಗೊಂಬೆಗಳ ಮುಂದೆ ಬಹಳ ಹೊತ್ತು ನಿಂತಳು. ಮನೆಗೆ ಬಂದು ಓಟ್ಸನ್ನ ಅಕ್ಕಿಹಿಟ್ಟಿಗೆ ಬೆರೆಸಿ ದೋಸೆ ಹೊಯ್ದಳು. ಇನ್ನೂ ಒಂದೂವರೆ ಪ್ಯಾಕೆಟ್ ಇದೆ.

ಕಲ್ಯಾಣ, ಠಾಣೆ, ನವಿ ಮುಂಬಯಿಯ ನಮ್ಮ ಕನ್ನಡದ ಮನೆಗಳಲ್ಲಿ ಯಾರ ಹತ್ತಿರವಾದ್ರೂ ಹಳೇ ಪದಬಂಧದ ಫಾರಂ, ಶುಲ್ಕದ ರಸೀದಿ ಟ್ರಂಕಿನಲ್ಲಿ ಉಳಿದಿದ್ರೆ ಒಂದು ಫೋಟೋ ಕಳಿಸಿ. ಮುಂದಿನ ಮಾತಿಗೆ ಅದೇ ಬೇಕು. ಮತ್ತೆ ಒಂದು ಸಣ್ಣ ಸೂಚನೆ: ಬೈಕಲಾ ಮ್ಯೂಸಿಯಂಗೆ ಬುಧವಾರ ರಜೆ, ನೋಡಿಕೊಂಡು ಹೋಗಿ.